ಕಾಲೇಜು ದೊಡ್ಡ ಕಾನ್ಫರೆನ್ಸ್‌ಗೆ ಸೇರುತ್ತದೆ ಅನ್ನುವ ಸುದ್ದಿ ನಂಬಿಕೊಂಡು ಮಗನ ಆಫರ್‌ಗೆ ಕಾಯಬಹುದಾ?

ನಿಮ್ಮ ಪ್ರಶ್ನೆ ಓದಿದ ಮೇಲೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮಗ ಈಜುತ್ತಾನೆ, ಅಮೆರಿಕದ ಚಿಕ್ಕ ಕಾನ್ಫರೆನ್ಸ್‌ನ, ಅಂದರೆ ಒಟ್ಟಿಗೆ ಆಡುವ ಕಾಲೇಜುಗಳ ಚಿಕ್ಕ ಗುಂಪೊಂದರ, ಕಾಲೇಜು ತನ್ನ ತಂಡದಲ್ಲಿ ಜಾಗ ಕೊಡುತ್ತೇವೆ ಅಂದಿದೆ, ಎಸಿಸಿ (ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್) ಗುಂಪಿನ ಇನ್ನೊಂದು ಕಾಲೇಜು ಇನ್ನೂ ಬಾಯಿ ಬಿಟ್ಟಿಲ್ಲ, ಆದರೆ ಅದು ಬಿಗ್ ಟೆನ್ ಅನ್ನುವ ದೊಡ್ಡ ಕಾನ್ಫರೆನ್ಸ್‌ಗೆ ಹೋಗುತ್ತದೆ ಅಂತ ಎಲ್ಲ ಕಡೆ ಸುದ್ದಿ, ಹಾಗಾಗಿ ಸ್ವಲ್ಪ ಕಾಯೋಣವಾ ಅಂತ ಕೇಳಿದ್ದೀರಿ. ಕಾಯಬೇಡಿ. ನಾನು 2023ರಲ್ಲಿ ಕಾದೆ.

ನಾವಿರುವುದು ಆರೆಗಾನ್‌ನಲ್ಲಿ, ಪೋರ್ಟ್‌ಲ್ಯಾಂಡ್ ಹತ್ತಿರ. ಮಗಳು ಏಳು ವರ್ಷದವಳಿದ್ದಾಗಿನಿಂದ ಟೆನಿಸ್ ಆಡುತ್ತಾಳೆ. ಇಲ್ಲಿ ಚಳಿಗಾಲ ಪೂರ್ತಿ ಮಳೆ, ಸೂರು ಇರುವ ಕೋರ್ಟ್ ಸಿಗಬೇಕೆಂದರೆ ಬೆಳಿಗ್ಗೆ ಐದೂವರೆಗೇ ಹೋಗಬೇಕು. ಒಂಬತ್ತು ವರ್ಷ ನಾನೋ ನನ್ನ ಹೆಂಡತಿಯೋ ಕತ್ತಲಲ್ಲೇ ಕಾರು ತೆಗೆದು ಕರೆದುಕೊಂಡು ಹೋಗಿದ್ದೇವೆ. ಹಿಂದಿನ ಸೀಟಿನಲ್ಲಿ ಡಬ್ಬಿಯ ಚಿತ್ರಾನ್ನ ತಿಂದು ಅಲ್ಲಿಂದಲೇ ಸ್ಕೂಲಿಗೆ ಹೋಗುತ್ತಿದ್ದಳು.

2023ರ ಫೆಬ್ರವರಿಯಲ್ಲಿ, ಅವಳು ಹೈಸ್ಕೂಲಿನ ಮೂರನೇ ವರ್ಷದಲ್ಲಿದ್ದಾಗ, ಒಂದು ಕಾಲೇಜಿನ ಕೋಚ್ ಫೋನ್ ಮಾಡಿದರು. ಟಿವಿಯಲ್ಲಿ ದಿನಾ ಕಾಣುವ ಕಾಲೇಜಲ್ಲ. ನಮ್ಮ ಮನೆಯಿಂದ ಕಾರಿನಲ್ಲಿ ಆರು ಗಂಟೆ ದಾರಿ. ಪೂರ್ತಿ ಸ್ಕಾಲರ್‌ಶಿಪ್ ಕೊಡುತ್ತೇವೆ ಅಂದರು. ಆಗಿನ ನಿಯಮದ ಪ್ರಕಾರ ಡಿವಿಷನ್ ಒನ್‌ನಲ್ಲಿ, ಅಂದರೆ ಕಾಲೇಜು ಆಟಗಳ ಮೇಲಿನ ಹಂತದಲ್ಲಿ, ಹುಡುಗಿಯರ ಟೆನಿಸ್ ತಂಡಕ್ಕೆ ಎಂಟೇ ಸ್ಕಾಲರ್‌ಶಿಪ್, ಒಂದನ್ನು ಇಬ್ಬರಿಗೆ ಹಂಚುವ ಹಾಗಿರಲಿಲ್ಲ. ಅಂದರೆ ವರ್ಷಕ್ಕೆ ಒಂದೋ ಎರಡೋ ಜಾಗ ಖಾಲಿಯಾಗುತ್ತಿತ್ತು, ಅದಕ್ಕೆ ಯುರೋಪಿನ ಹುಡುಗಿಯರೂ ಸಾಲಿನಲ್ಲಿ ನಿಂತಿರುತ್ತಿದ್ದರು. ಮಾರ್ಚ್ 3, ಶುಕ್ರವಾರ ಸಂಜೆ ಐದರೊಳಗೆ ತಿಳಿಸಿ ಅಂದರು ಆ ಕೋಚ್. ಇನ್ನೊಂದು ಕಾಲೇಜು ಪ್ಯಾಕ್-12 ಅನ್ನುವ ದೊಡ್ಡ ಕಾನ್ಫರೆನ್ಸಿನದ್ದು. ಹೆಸರು ಬೇಡ. ಅವರ ಕೋಚ್ ಎರಡು ಸಲ ಆಟ ನೋಡಿ ಹೋಗಿದ್ದರು, 'ಬೇಸಿಗೆಯಲ್ಲಿ ಮಾತಾಡೋಣ' ಅಂದಿದ್ದರು. ಅಷ್ಟೇ. ಆಫರ್ ಅನ್ನುವ ಮಾತು ಅವರ ಬಾಯಿಂದ ಒಂದು ಸಲವೂ ಬಂದಿರಲಿಲ್ಲ.

ಆಗಿನ ಪರಿಸ್ಥಿತಿ ಸ್ವಲ್ಪ ಹೇಳಬೇಕು. ಒಂದು ಕಾನ್ಫರೆನ್ಸಿನ ಕಾಲೇಜುಗಳು ಒಟ್ಟಿಗೆ ಆಡುವುದಷ್ಟೇ ಅಲ್ಲ, ಟಿವಿ ಹಕ್ಕನ್ನೂ ಒಟ್ಟಿಗೆ ಮಾರುತ್ತವೆ. ಪ್ಯಾಕ್-12 ಶುರುವಾಗಿದ್ದು 1915ರಲ್ಲಿ, ಪಶ್ಚಿಮ ಕರಾವಳಿಯ ಎಲ್ಲ ದೊಡ್ಡ ಹೆಸರುಗಳೂ ಅಲ್ಲೇ ಇದ್ದವು. 2022ರ ಜೂನ್ 30ರಂದು ಲಾಸ್ ಏಂಜಲಿಸ್‌ನ ಎರಡು ಯೂನಿವರ್ಸಿಟಿಗಳಾದ ಯುಎಸ್‌ಸಿ ಮತ್ತು ಯುಸಿಎಲ್‌ಎ ಬಿಗ್ ಟೆನ್‌ಗೆ ಹೋಗುತ್ತೇವೆ ಅಂದವು. ಉಳಿದದ್ದು ಹತ್ತು. ಅವುಗಳ ಟಿವಿ ಒಪ್ಪಂದ 2024ಕ್ಕೆ ಮುಗಿಯುವುದರಲ್ಲಿತ್ತು. 2022ರ ಅಕ್ಟೋಬರ್‌ನಲ್ಲಿ ಬಿಗ್ 12 ಅನ್ನುವ ಇನ್ನೊಂದು ಕಾನ್ಫರೆನ್ಸಿನವರು ಮುಂಚೆಯೇ ಇಎಸ್‌ಪಿಎನ್, ಫಾಕ್ಸ್ ಟಿವಿಗಳ ಜೊತೆ ಕೂತು ಆರು ವರ್ಷಕ್ಕೆ 228 ಕೋಟಿ ಡಾಲರ್ ಒಪ್ಪಂದ ಮುಗಿಸಿಕೊಂಡರು. ಕಾಲೇಜಿಗೆ ವರ್ಷಕ್ಕೆ ಸುಮಾರು 3.17 ಕೋಟಿ ಡಾಲರ್. ನಮ್ಮ ಕಡೆಯ ಪ್ಯಾಕ್-12ನವರು ಮಾತ್ರ 'ಇನ್ನೇನು ಆಯಿತು' ಅನ್ನುತ್ತಲೇ ಇದ್ದರು. 2023ರ ಫೆಬ್ರವರಿ 13ರಂದು ಹತ್ತೂ ಯೂನಿವರ್ಸಿಟಿಗಳು ಸೇರಿ ಹೇಳಿಕೆ ಕೊಟ್ಟವು: ನಾವು ಒಗ್ಗಟ್ಟಾಗಿದ್ದೇವೆ, ಟಿವಿ ಒಪ್ಪಂದ ಬಹಳ ಬೇಗ ಆಗುತ್ತದೆ.

ಅದನ್ನು ನಾನು ನೂರು ಸಲ ಓದಿರಬೇಕು. ಅಲ್ಲಿಂದ ಶುರುವಾಯಿತು ನನ್ನ ಹುಚ್ಚು. ಊಟವಾದ ಮೇಲೆ ಫೋನ್ ಹಿಡಿದರೆ ಹನ್ನೆರಡೂವರೆ. ಒಬ್ಬ 'ನನ್ನ ಮೂಲಗಳ ಪ್ರಕಾರ ಗುರುವಾರ ಘೋಷಣೆ' ಅನ್ನುತ್ತಿದ್ದ. ಇನ್ನೊಬ್ಬ ಸ್ಯಾನ್ ಡಿಯಾಗೋ ಸ್ಟೇಟ್ ಮತ್ತು ಎಸ್‌ಎಂಯು ಅನ್ನುವ ಎರಡು ಕಾಲೇಜು ಸೇರಿ ಪ್ಯಾಕ್-12 ಮತ್ತೆ ಹನ್ನೆರಡಾಗುತ್ತದೆ ಅನ್ನುತ್ತಿದ್ದ. ಮತ್ತೊಬ್ಬ ನಾಲ್ಕು ಕಾಲೇಜು ಬಿಗ್ 12ಗೆ ಹೊರಟಿವೆ ಅಂತ ನಕ್ಷೆ ಬರೆದು ತೋರಿಸುತ್ತಿದ್ದ. ಎಲ್ಲರನ್ನೂ ನಾನು ಒಂದೇ ಶ್ರದ್ಧೆಯಿಂದ ಕೇಳಿದೆ. ನನ್ನ ಹೆಂಡತಿ ಒಂದು ದಿನ ಕೇಳಿದಳು, 'ನೀವು ಮಗಳಿಗೆ ಕಾಲೇಜು ಹುಡುಕ್ತಿದ್ದೀರೋ, ಟಿವಿ ಕಂಪನಿ ಹುಡುಕ್ತಿದ್ದೀರೋ?' ಉತ್ತರ ಕೊಡಲಿಲ್ಲ.

ಈಗ ಆ ಶುಕ್ರವಾರ. ಇದನ್ನು ನಿಧಾನವಾಗಿ ಓದಿ, ಯಾಕೆಂದರೆ ನೀವು ಕೇಳಿದ್ದಕ್ಕೆ ನನ್ನ ಹತ್ತಿರ ಇರುವ ಉತ್ತರ ಇದೊಂದೇ.

ಸಂಜೆ ನಾಲ್ಕು ಗಂಟೆ. ಮಗಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಕೋಚ್‌ಗೆ ಮೇಲ್ ಬರೆದು ಮುಗಿಸಿದ್ದಳು. ಮೂರೇ ಸಾಲು: ಕರೆದಿದ್ದಕ್ಕೆ ಥ್ಯಾಂಕ್ಸ್, ನಾನು ಬರುತ್ತೇನೆ, ತಂಡದವರನ್ನು ನೋಡಲು ಆಸೆಯಾಗಿದೆ. 'ಅಪ್ಪಾ, ಕಳಿಸ್ಲಾ?' ಅಂದಳು. ನಾನು ಆಗಷ್ಟೇ ಎಲ್ಲೋ ಓದಿದ್ದೆ, ಮುಂದಿನ ವಾರ ಲಾಸ್ ವೇಗಾಸ್‌ನಲ್ಲಿ ಪ್ಯಾಕ್-12 ಬ್ಯಾಸ್ಕೆಟ್‌ಬಾಲ್ ಟೂರ್ನಿ ನಡೆಯುವಾಗ ಟಿವಿ ಒಪ್ಪಂದದ ಸುದ್ದಿ ಬರುತ್ತದೆ ಅಂತ. 'ಸೋಮವಾರದವರೆಗೂ ತಡಿ ಪುಟ್ಟಿ' ಅಂದೆ. ಅವಳು ನನ್ನ ಮುಖ ನೋಡಿದಳು. ವಾದ ಮಾಡಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದಳು. ಆ ಮೇಲ್ ಇವತ್ತಿಗೂ ಅವಳ ಡ್ರಾಫ್ಟ್‌ನಲ್ಲಿದೆ.

ತಪ್ಪು ಎಲ್ಲಿ ಆಯಿತು ಅಂತ ಆಮೇಲೆ ತುಂಬಾ ಸಲ ಯೋಚಿಸಿದ್ದೇನೆ. ಗಾಳಿಸುದ್ದಿ ನಂಬಿದ್ದು ತಪ್ಪು ಅಂತ ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ನಾನು ಕೋಚ್‌ಗೆ ಒಂದು ಫೋನ್ ಮಾಡಬಹುದಿತ್ತು, ಮಗಳ ಕೈಯಲ್ಲೇ ಮಾಡಿಸಬಹುದಿತ್ತು, 'ಒಂದು ವಾರ ಟೈಮ್ ಕೊಡ್ತೀರಾ' ಅಂತ. ಕೊಡುತ್ತಿದ್ದರೋ ಇಲ್ಲವೋ, ಕೇಳಲೇ ಇಲ್ಲ. ಕೇಳಿದರೆ ನಮಗೆ ಇಷ್ಟವಿಲ್ಲ ಅಂದುಕೊಳ್ಳುತ್ತಾರೆ ಅನ್ನುವ ಭಯ. ಸುಮ್ಮನಿದ್ದರೆ ಆಫರ್ ಹಾಗೇ ಇರುತ್ತದೆ ಅಂತ ಅದ್ಯಾಕೆ ಅಂದುಕೊಂಡೆನೋ. ಗಡುವು ಅನ್ನುವುದನ್ನು ಬ್ಯಾಂಕಿನವರ ಗಡುವಿನ ಹಾಗೆ ಲೆಕ್ಕ ಹಾಕಿದೆ, ದಾಟಿದರೆ ಸ್ವಲ್ಪ ದಂಡ ಕಟ್ಟಿದರಾಯಿತು ಅಂತ. ಅವರ ಪಟ್ಟಿಯಲ್ಲಿ ಮುಂದಿನ ಹೆಸರಿಗೆ ಶುಕ್ರವಾರ ರಾತ್ರಿಯೇ ಫೋನ್ ಹೋಗಿತ್ತು. ಸೋಮವಾರ ಬೆಳಿಗ್ಗೆ ಮಗಳಿಗೆ ಮೇಲ್ ಬಂತು. ಒಳ್ಳೆಯ ಮಾತಲ್ಲೇ ಬರೆದಿದ್ದರು, ಜಾಗ ತುಂಬಿದೆ, ನಿನಗೆ ಒಳ್ಳೆಯದಾಗಲಿ ಅಂತ. ಇನ್ನೂ ಒಂದು ತಪ್ಪಿದೆ, ಅದೇ ದೊಡ್ಡದು. ಆ ನಿರ್ಧಾರ ಅವಳದ್ದು. ಅವಳು ನಿರ್ಧಾರ ಮಾಡಿ ಆಗಿತ್ತು. ಬರೆದೂ ಆಗಿತ್ತು. ನಾನು ಅಡ್ಡ ಬಂದೆ.

ಇನ್ನು ಆ ಒಪ್ಪಂದ. ಮಾರ್ಚ್‌ನಲ್ಲಿ ಬರಲಿಲ್ಲ. ಏಪ್ರಿಲ್‌ನಲ್ಲೂ ಇಲ್ಲ. ಜೂನ್‌ನಲ್ಲಿ ಸ್ಯಾನ್ ಡಿಯಾಗೋ ಸ್ಟೇಟ್‌ನವರು ತಮ್ಮ ಮೌಂಟನ್ ವೆಸ್ಟ್ ಕಾನ್ಫರೆನ್ಸ್‌ಗೆ ಪತ್ರ ಬರೆದರು, ಬಿಡುವ ಯೋಚನೆಯಲ್ಲಿದ್ದೇವೆ, ಒಂದು ತಿಂಗಳು ಹೆಚ್ಚು ಟೈಮ್ ಕೊಡಿ ಅಂತ. ಜೂನ್ 30 ದಾಟಿದರೆ ಬಿಡುವ ಶುಲ್ಕ ಸುಮಾರು 1.7 ಕೋಟಿ ಡಾಲರ್‌ನಿಂದ 3.4 ಕೋಟಿಗೆ ಏರುತ್ತಿತ್ತು. ಪ್ಯಾಕ್-12ನಿಂದ ಕರೆ ಬರಲೇ ಇಲ್ಲ. ಕೊನೆಗೆ ಜೂನ್ 30ರಂದೇ 'ನಾವು ಇಲ್ಲೇ ಇರುತ್ತೇವೆ' ಅನ್ನಬೇಕಾಯಿತು. ವಕೀಲರು, ಸಲಹೆಗಾರರು ಎಲ್ಲ ಇರುವ ಯೂನಿವರ್ಸಿಟಿಗೇ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು, ನಾವು ಮನೆಯಲ್ಲಿ ಫೋನ್ ನೋಡಿಕೊಂಡು ಏನು ತಿಳಿದುಕೊಳ್ಳಲು ಸಾಧ್ಯ ಹೇಳಿ.

ಜುಲೈ 21ರಂದು ಪ್ಯಾಕ್-12 ಮುಖ್ಯಸ್ಥ, ಕಮಿಷನರ್ ಜಾರ್ಜ್ ಕ್ಲಿಯಾವ್‌ಕಾಫ್ ವೇಗಾಸ್‌ನಲ್ಲಿ ಪತ್ರಕರ್ತರ ಮುಂದೆ, ಕಾದಷ್ಟೂ ನಮಗೆ ಒಳ್ಳೆಯ ಆಯ್ಕೆಗಳು ಸಿಗುತ್ತಿವೆ ಅನ್ನುವ ಅರ್ಥದಲ್ಲಿ ಮಾತಾಡಿದರು. ನಾನು ಆಫೀಸಿನಲ್ಲಿ ಕೂತು ಅದನ್ನು ಲೈವ್ ನೋಡಿ ಸಮಾಧಾನ ಪಟ್ಟುಕೊಂಡೆ. ಆರೇ ದಿನ. 27ಕ್ಕೆ ಕೊಲೊರಾಡೋ ಬಿಗ್ 12ಗೆ ಹೋಯಿತು. ಆಗಸ್ಟ್ 1ಕ್ಕೆ ಆ್ಯಪಲ್ ಕಂಪನಿಯ ಆಫರ್ ಕಾಲೇಜುಗಳ ಮುಂದೆ ಬಂತು, ಎಷ್ಟು ಜನ ಚಂದಾದಾರರಾಗುತ್ತಾರೋ ಅದರ ಮೇಲೆ ದುಡ್ಡು ಹೆಚ್ಚಾಗುವ ಲೆಕ್ಕ. ಆಗಸ್ಟ್ 4, ಶುಕ್ರವಾರ. ಬೆಳಿಗ್ಗೆ ಉಳಿದ ಒಂಬತ್ತೂ ಸಹಿ ಹಾಕುತ್ತವೆ ಅಂತಿದ್ದರು. ಸಂಜೆಯೊಳಗೆ ಆರೆಗಾನ್, ವಾಷಿಂಗ್ಟನ್ ಬಿಗ್ ಟೆನ್‌ಗೆ, ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಬಿಗ್ 12ಗೆ. ಸೆಪ್ಟೆಂಬರ್ 1ಕ್ಕೆ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲ್ ಎಸಿಸಿಗೆ. ಹೆಸರಿನಲ್ಲೇ ಅಟ್ಲಾಂಟಿಕ್ ಕರಾವಳಿ ಇರುವ ಕಾನ್ಫರೆನ್ಸ್‌ಗೆ ಪೆಸಿಫಿಕ್ ದಂಡೆಯ ಕಾಲೇಜುಗಳು ಹೋದವು. ಆರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ ಉಳಿದವು. ನೂರಾ ಎಂಟು ವರ್ಷದ ಮನೆ.

ಆಗಸ್ಟ್ ಕೊನೆಯಲ್ಲಿ ಆ ಎರಡನೇ ಕೋಚ್, ಪ್ಯಾಕ್-12 ಕಾಲೇಜಿನವರು, ಫೋನ್ ಮಾಡಿದರು. ದೂರದೂರದ ಪ್ರಯಾಣಕ್ಕೆ ಎಷ್ಟು ಖರ್ಚಾಗುತ್ತದೋ ಇನ್ನೂ ಲೆಕ್ಕವಾಗಿಲ್ಲ, ಈ ವರ್ಷ ಹೊಸಬರನ್ನು ತೆಗೆದುಕೊಳ್ಳುತ್ತಿಲ್ಲ ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಾತು ಕೊಟ್ಟಿರಲಿಲ್ಲವಲ್ಲ. ಮಗಳು ಈಗ ನಮ್ಮ ರಾಜ್ಯದ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾಳೆ, ವಾರಕ್ಕೆ ಎರಡು ದಿನ ಕ್ಲಬ್ ಟೆನಿಸ್. ಫೀಸು ನಾವು ಕಟ್ಟುತ್ತೇವೆ, ಅದು ಹೇಗೋ ನಡೆಯುತ್ತದೆ. ಆದರೆ ಆ ಸೋಮವಾರದಿಂದ ಅವಳು ಯಾವ ನಿರ್ಧಾರವನ್ನೂ ನನ್ನ ಹತ್ತಿರ ಕೇಳಿಲ್ಲ. ಮೇಜರ್, ಅಂದರೆ ಓದುವ ಮುಖ್ಯ ವಿಷಯ, ಬದಲಾಯಿಸಿದ್ದು ನನಗೆ ಗೊತ್ತಾಗಿದ್ದು ಎರಡು ತಿಂಗಳ ಮೇಲೆ, ಅದೂ ಅವಳ ಅಮ್ಮನಿಂದ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸುದ್ದಿ ನಿಜವೋ ಸುಳ್ಳೋ ಅಂತ ಕೇಳುತ್ತಿದ್ದೀರಿ. ಆ ಪ್ರಶ್ನೆಯೇ ಬೇಡ ಅಂತ ನಾನು ಹೇಳುವುದು. ನಿಜವೇ ಆದರೂ ನಿಮ್ಮ ಮಗನಿಗೆ ಅದರಿಂದ ಏನೂ ಸಿಗುವುದಿಲ್ಲ. ಟೆಕ್ಸಸ್ ಮತ್ತು ಓಕ್ಲಹೋಮ ಯೂನಿವರ್ಸಿಟಿಗಳು ಎಸ್‌ಇಸಿ ಅನ್ನುವ ಕಾನ್ಫರೆನ್ಸಿಗೆ ಹೋಗುತ್ತವೆ ಅನ್ನುವ ಸುದ್ದಿ 2021ರ ಜುಲೈನಲ್ಲಿ ಬಂತು, ಹತ್ತು ದಿನದೊಳಗೆ ಖಚಿತವೂ ಆಯಿತು, ಆದರೆ ಅವು ಹೋಗಿದ್ದು 2024ರ ಜುಲೈ 1ಕ್ಕೆ. ಯುಎಸ್‌ಸಿ, ಯುಸಿಎಲ್‌ಎಗೆ ಎರಡು ವರ್ಷ ಹಿಡಿಯಿತು. ಹುಡುಗನ ಕಾಲೇಜು ಜೀವನವೇ ನಾಲ್ಕು ವರ್ಷ. ಎಸಿಸಿಯ ವಿಷಯ ಇನ್ನೂ ದೂರ. 2025ರ ಮಾರ್ಚ್‌ನಲ್ಲಿ ಎಸಿಸಿಯವರು ತಮ್ಮದೇ ಕಾಲೇಜುಗಳಾದ ಫ್ಲೋರಿಡಾ ಸ್ಟೇಟ್, ಕ್ಲೆಮ್ಸನ್ ಜೊತೆ ಕೋರ್ಟ್ ಜಗಳ ಮುಗಿಸಿಕೊಂಡಾಗ, ಬಿಡುವ ಶುಲ್ಕ ವರ್ಷವರ್ಷ ಇಳಿದು 2030-31ಕ್ಕೆ 7.5 ಕೋಟಿ ಡಾಲರ್ ಆಗುವ ಹಾಗೆ ಮಾಡಿದರು. ಬಿಗ್ ಟೆನ್‌ನ ಈಗಿನ ಟಿವಿ ಒಪ್ಪಂದವೂ ಮುಗಿಯುವುದು ಆ ಹೊತ್ತಿಗೇ. ಹಾಗಾಗಿ ಯಾರಾದರೂ ಹೋದರೂ ಬಹುಶಃ ಆಗಲೇ. ಅಷ್ಟು ಹೊತ್ತಿಗೆ ನಿಮ್ಮ ಮಗ ಡಿಗ್ರಿ ಮುಗಿಸುವ ಹಂತದಲ್ಲಿರುತ್ತಾನೆ.

ಮತ್ತೆ, ಹೋದರೆ ಏನು ಸಿಗುತ್ತದೆ? ಈ ಬದಲಾವಣೆಗಳೆಲ್ಲ ಅಮೆರಿಕನ್ ಫುಟ್‌ಬಾಲ್‌ಗಾಗಿ. ಫುಟ್‌ಬಾಲ್‌ನವರು ವಾರಕ್ಕೊಂದು ಮ್ಯಾಚ್ ಆಡಿ ಚಾರ್ಟರ್ ವಿಮಾನದಲ್ಲಿ ವಾಪಸ್ ಬರುತ್ತಾರೆ. ಉಳಿದ ಆಟದ ಮಕ್ಕಳು ಸಿಯಾಟಲ್‌ನಿಂದ ನ್ಯೂಜೆರ್ಸಿಗೆ ಐದು ಗಂಟೆಗಿಂತ ಜಾಸ್ತಿ ಹಾರಿ, ಮೂರು ಗಂಟೆ ಗಡಿಯಾರ ಮುಂದಿಟ್ಟುಕೊಂಡು, ವಿಮಾನದಲ್ಲೇ ಹೋಮ್‌ವರ್ಕ್ ಮಾಡಬೇಕು. ಇದರ ಮೇಲೆ 2025ರ ಜೂನ್‌ನಲ್ಲಿ ಹೌಸ್ ಕೇಸಿನ, ಅಂದರೆ ಆಟಗಾರರು ತಮಗೂ ದುಡ್ಡು ಬೇಕು ಅಂತ ಹಾಕಿದ್ದ ಕೇಸಿನ, ಒಪ್ಪಂದಕ್ಕೆ ಕೋರ್ಟ್ ಒಪ್ಪಿಗೆ ಕೊಟ್ಟ ಮೇಲೆ, ಕಾಲೇಜುಗಳು ಆಟಗಾರರಿಗೆ ನೇರವಾಗಿ ದುಡ್ಡು ಹಂಚಬಹುದು; 2025-26ಕ್ಕೆ ಅದರ ಮಿತಿ 2.05 ಕೋಟಿ ಡಾಲರ್ ಇತ್ತು. ಅದರಲ್ಲಿ ದೊಡ್ಡ ಪಾಲು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ಗೇ ಹೋಗುತ್ತದೆ. ಈ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಮಿತಿ ಹೋಗಿ, ಒಂದು ತಂಡದಲ್ಲಿ ಇಷ್ಟೇ ಜನ ಅನ್ನುವ ಮಿತಿ ಬಂದಿದೆ. ಈಜಿನ ತಂಡದಲ್ಲಿ ಕೊನೆಯ ಹೆಸರಾಗಿ ಸೇರಿದವನು ಮೊದಲು ಹೊರಗೆ ಬೀಳುತ್ತಾನೆ. ದೊಡ್ಡ ಕಾನ್ಫರೆನ್ಸ್ ಅಂತ ಖುಷಿಪಡುವ ಮುಂಚೆ ಇದನ್ನು ಯೋಚನೆ ಮಾಡಿ.

ಈ ಸುದ್ದಿಗಳನ್ನು ಹಬ್ಬಿಸುವವರ ಬಗ್ಗೆಯೂ ಒಂದು ಮಾತು. 2016ರಲ್ಲಿ ಬಿಗ್ 12ನವರು ಹೊಸ ಕಾಲೇಜು ಸೇರಿಸಿಕೊಳ್ಳುತ್ತೇವೆ ಅಂತ ತಿಂಗಳುಗಟ್ಟಲೆ ಸಂದರ್ಶನ ಮಾಡಿದರು, ಹನ್ನೊಂದು ಕಾಲೇಜುಗಳು ಕೊನೆಯ ಸುತ್ತಿನಲ್ಲಿದ್ದವು, ದಿನಾ ಒಂದೊಂದು ಹೆಸರು ಮುಂದೆ ಅನ್ನುತ್ತಿದ್ದರು. ಅಕ್ಟೋಬರ್ 17ಕ್ಕೆ ಯಾರೂ ಬೇಡ ಅಂದುಬಿಟ್ಟರು. ಸುದ್ದಿ ಬಿಡುವವರಿಗೆ ಏನೋ ಒಂದು ಮಾರುವುದಿರುತ್ತದೆ. ಕಾನ್ಫರೆನ್ಸ್‌ಗೆ ಬೆಲೆ ಏರಬೇಕು, ಕಾಲೇಜಿಗೆ ತನ್ನ ಹೆಸರು ಓಡಾಡಬೇಕು, ಪಾಡ್‌ಕಾಸ್ಟ್‌ನವನಿಗೆ ನಾಳೆಯೂ ನೀವು ಬರಬೇಕು. ನಿಮ್ಮ ಮಗನ ಹೆಸರು ಇವರಲ್ಲಿ ಯಾರಿಗೂ ಗೊತ್ತಿಲ್ಲ. ಅವನ ಹೆಸರು ಗೊತ್ತಿರುವುದು, ಜಾಗ ಕೊಡುತ್ತೇವೆ ಅಂದ ಆ ಚಿಕ್ಕ ಕಾಲೇಜಿನ ಕೋಚ್‌ಗೆ.

ಆ ಕೋಚ್ ಹತ್ತಿರ ಕೇಳಬೇಕಾದ್ದನ್ನು ಕೇಳಿ. ನಾಲ್ಕೂ ವರ್ಷ ಸ್ಕಾಲರ್‌ಶಿಪ್ ಇರುತ್ತದಾ ಅಥವಾ ವರ್ಷವರ್ಷ ಹೊಸದಾಗಿ ಕೊಡುತ್ತಾರಾ, ಪೆಟ್ಟಾದರೆ ಏನು, ತಂಡದಲ್ಲಿ ಇವನು ಎಷ್ಟನೆಯವನು, ಮುಂದಿನ ಎರಡು ವರ್ಷ ನೀವೇ ಇಲ್ಲಿ ಕೋಚ್ ಆಗಿರುತ್ತೀರಾ. ಎಸಿಸಿಯ ಕೋಚ್‌ಗೂ ಒಂದು ಫೋನ್ ಮಾಡಿಸಿ, ಆಫರ್ ಇದೆಯೋ ಇಲ್ಲವೋ ಅಂತ ನೇರವಾಗಿ ಕೇಳಲಿ. 'ನೋಡೋಣ' ಅಂದರೆ ಇಲ್ಲ ಅಂತಲೇ ಅರ್ಥ.

ಗಡುವು ಯಾವತ್ತು ಅಂತ ನೀವು ಬರೆದಿಲ್ಲ. ಈ ವಾರದಲ್ಲೇ ಇದ್ದರೆ, ಟೈಮ್ ಬೇಕು ಅನ್ನುವುದಾದರೂ ಸರಿ, ಇವತ್ತೇ ಫೋನ್ ಮಾಡಿ. ಮಾತಾಡುವುದು ಅವನೇ ಆಗಲಿ. ಅವನು ಏನಾದರೂ ಬರೆದು ಮುಗಿಸಿ ಕಳಿಸ್ಲಾ ಅಂತ ಕೇಳಿದರೆ, ಕಳಿಸು ಅನ್ನಿ.