ಬಿತ್ತದೇ ಹುಟ್ಟಿ ಸಂಜೆ ಅರಳುವ ಈ ಗಿಡ ಯಾವುದು? ಕುಂಡದಲ್ಲಿ ಬೆಳೆಸಬಹುದೇ?

ಬಿತ್ತದೇ ಹುಟ್ಟಿದ ಗಿಡ, ಇಳಿಹೊತ್ತಿಗೆ ಅರಳಿ ಬೆಳಿಗ್ಗೆ ಬಿಸಿಲೇರುವಷ್ಟರಲ್ಲಿ ಮುದುಡುವ ಹೂ, ಒಂದೇ ಗಿಡದಲ್ಲಿ ಹಳದಿಯೂ ಗುಲಾಬಿಯೂ ಅಂದಿದ್ದೀರಿ. ಇದು ಸಂಜೆಮಲ್ಲಿಗೆ, ಮಿರಾಬಿಲಿಸ್ ಜಲಾಪ. ಬೋಗನ್‌ವಿಲ್ಲಾದ ಕುಟುಂಬದ್ದು.

ಅನುಮಾನವಿದ್ದರೆ ಬಾಡಿದ ಹೂವಿನ ಬುಡ ನೋಡಿ. ಐದು ಹಲ್ಲಿನ ಪುಟ್ಟ ಹಸಿರು ಬಟ್ಟಲಲ್ಲಿ ಒಂದೇ ಒಂದು ಬೀಜ ಕೂತಿರುತ್ತದೆ. ಮೊದಲು ಹಸಿರು, ಬಲಿತ ಮೇಲೆ ಕಪ್ಪು, ಮೈಯೆಲ್ಲ ಸುಕ್ಕು, ಥೇಟ್ ಕಾಳುಮೆಣಸು. ಎಲೆಗಳು ಎದುರುಬದುರು, ಕಾಂಡದ ಗೆಣ್ಣುಗಳು ಊದಿಕೊಂಡಿರುತ್ತವೆ.

ಕುಂಡದಲ್ಲಿ ಧಾರಾಳವಾಗಿ ಬೆಳೆಯುತ್ತದೆ, ಆದರೆ ಕುಂಡ ಆಳವಿರಲಿ. ಬುಡದಲ್ಲಿ ಗೆಡ್ಡೆ ಕಟ್ಟುವುದರಿಂದ 12 ಇಂಚಿನ ಕುಂಡಕ್ಕೆ ಒಂದೇ ಗಿಡ ಸಾಕು. ನೆಲದಲ್ಲಾದರೆ ಗಿಡದಿಂದ ಗಿಡಕ್ಕೆ ಒಂದೂವರೆಯಿಂದ ಎರಡು ಅಡಿ ಬಿಡಿ. ಪೂರ್ತಿ ಕಪ್ಪಾಗಿ, ಮುಟ್ಟಿದರೆ ಉದುರುವ ಬೀಜವನ್ನೇ ಆರಿಸಿ. ಹಸಿರು ಬೀಜ ಕಿತ್ತು ಒಣಗಿಸಿದರೆ ಮೊಳೆಯುವ ಭರವಸೆಯಿಲ್ಲ. ರಾತ್ರಿಯಿಡೀ ನೆನೆಸಿ, ಒಂದು ಸೆಂಟಿಮೀಟರ್ ಆಳಕ್ಕೆ ಊರಿ. ಮಣ್ಣು ಬೆಚ್ಚಗಿದ್ದರೆ ಒಂದೆರಡು ವಾರದಲ್ಲಿ ಅಗಲವಾದ ಎರಡು ಬೀಜದಳ ಮೇಲೇಳುತ್ತವೆ. ನಾಟಿ ಬದಲಿಸುವುದಿದ್ದರೆ ಸಸಿ ಚಿಕ್ಕದಿರುವಾಗಲೇ ಬದಲಿಸಿ, ಬೇರು ಆಳಕ್ಕಿಳಿದ ಮೇಲೆ ಕಿತ್ತರೆ ಸೊರಗುತ್ತದೆ.

"ಸೊಂಪಾಗಿ ಬೆಳೆದಿದೆ, ಹೂವೇ ಇಲ್ಲ" ಎಂಬ ದೂರು ಇದರ ಬಗ್ಗೆ ಸಾಮಾನ್ಯ. ಕಾರಣ ಎರಡು: ನೆರಳು, ಇಲ್ಲವೇ ಅತಿ ಗೊಬ್ಬರ. ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಸಾರಜನಕ ಹೆಚ್ಚಾದರೆ ಬರೀ ಎಲೆ. ನೆಡುವಾಗ ಒಂದೆರಡು ಹಿಡಿ ಕಾಂಪೋಸ್ಟ್ ಹಾಕಿದರೆ ಆಯಿತು, ಯೂರಿಯಾದ ಗೊಡವೆ ಬೇಡ. ಉರಿಬಿಸಿಲಲ್ಲಿ ಎಲೆ ಜೋತುಬಿದ್ದರೆ ತಕ್ಷಣ ನೀರು ಸುರಿಯಬೇಡಿ. ಬೆರಳು ಹಾಕಿ ನೋಡಿ, ಒಳಗೆ ತೇವವಿದ್ದರೆ ಸಂಜೆಗೆ ತಾನಾಗಿ ನಿಮಿರುತ್ತದೆ. ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ.

ಬಣ್ಣದ ಖಾತ್ರಿ ಮಾತ್ರ ಕೇಳಬೇಡಿ. ಹಳದಿ ಗಿಡದ ಬೀಜದಿಂದ ಗುಲಾಬಿ ಬರಬಹುದು, ಗೆರೆಗೆರೆಯ ಹೂವೂ ಬರಬಹುದು. ಮೆಚ್ಚಿದ ಬಣ್ಣವೇ ಬೇಕೆಂದರೆ ಆ ಗಿಡದ ಗೆಡ್ಡೆ ಉಳಿಸಿಕೊಳ್ಳಿ. ಮೇಲಿನದು ಒಣಗಿದರೂ ಅದು ಮತ್ತೆ ಚಿಗುರುತ್ತದೆ.

ಅದೇ ಗುಣ ತಲೆನೋವೂ ಹೌದು. ಬೇಡದ ಸಸಿಗಳನ್ನು ನಾಲ್ಕೆಲೆಯಲ್ಲೇ ಕಿತ್ತುಬಿಡಿ. ತಡವಾದರೆ ಕಾಂಡ ಗೆಣ್ಣಿನಲ್ಲಿ ಮುರಿದು ಕೈಗೆ ಬರುತ್ತದೆ, ಗೆಡ್ಡೆ ನೆಲದಲ್ಲೇ ಉಳಿಯುತ್ತದೆ. ಆಗ ಸಲಿಕೆಯಿಂದ ಅಗೆದೇ ತೆಗೆಯಬೇಕು. ಬೀಜ, ಗೆಡ್ಡೆ ಎರಡೂ ವಿಷ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬೀಜ ಕಪ್ಪಾಗುತ್ತಿದ್ದಂತೆ ಬಿಡಿಸಿ, ಅವರ ಕೈಗೆ ಎಟುಕದ ಕಡೆ ಇಡಿ.