ಮೊದಲ ಮೂರು ಪುಟಗಳನ್ನು ಕೈಬಿಡಿ

ಮಾನ್ಯರೇ,

ಇಮೇಲಿಗೆ ಕನ್ನಡದಲ್ಲಿ ಕಟ್ಟಿದ ಪದದ ಬಗೆಗಿನ ‘ಮಿಂಚಂಚೆ: ಒಂದು ಪದದ ಕಥೆ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಪದದ ಕಥೆ ಹೇಳುವುದಾಗಿ ಶೀರ್ಷಿಕೆಯಲ್ಲಿ ಮಾತು ಕೊಟ್ಟು, ಮೊದಲ ಮೂರು ಪುಟಗಳನ್ನು ಇಮೇಲಿನ ಅನುಕೂಲ, ಅನನುಕೂಲಗಳಿಗೇ ವ್ಯಯಿಸಿದ್ದೀರಿ. ಅವು ಓದುಗರಿಗೆ ಗೊತ್ತಿರುವಂಥವೇ.

ನಾಲ್ಕನೆಯ ಪುಟದಲ್ಲಿ ‘ಮೇಲ್ ಎಂದರೆ ಮೂಲತಃ ಚೀಲ’ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಲೇಖನ ಶುರುವಾಗಬೇಕಾದದ್ದು ಅಲ್ಲಿಂದ. ಹಳೆಯ ಫ್ರೆಂಚಿನಲ್ಲಿ ಚೀಲವೆಂಬ ಅರ್ಥವಿದ್ದ ಪದವು ಇಂಗ್ಲಿಷಿಗೆ ಬಂದು, ಕ್ರಮೇಣ ಪತ್ರ ತುಂಬಿದ ಚೀಲವೆಂಬ ಅರ್ಥ ಪಡೆದು, ಕೊನೆಗೆ ಚೀಲವೇ ಮರೆಯಾಗಿ ಒಳಗಿನ ಪತ್ರಗಳಿಗೆ ಹೆಸರಾಗಿ ಉಳಿಯಿತು. ಮುಂದಿರುವ ‘ಇ’ ಇನ್ನೂ ಸ್ವಾರಸ್ಯದ್ದು. ಅದು ‘ಎಲೆಕ್ಟ್ರಾನಿಕ್’ ಎಂಬುದರ ಮೊಟಕು; ಎಲೆಕ್ಟ್ರಾನ್ ಎಂಬ ಹೆಸರಿಗೆ ಮೂಲವಾದ ಗ್ರೀಕ್ ಪದಕ್ಕೆ ಅಂಬರ್ ಎಂದರ್ಥ, ಉಜ್ಜಿದರೆ ಹುಲ್ಲುಕಡ್ಡಿಯನ್ನು ಸೆಳೆಯುವ, ಕಲ್ಲಿನಂತೆ ಗಟ್ಟಿಯಾದ ಆ ಮರದ ಅಂಟಿಗೆ ಸಂಸ್ಕೃತದಲ್ಲಿ ‘ತೃಣಮಣಿ’ ಎಂಬ ಹೆಸರಿದೆ. ಮರದ ಅಂಟೂ ಪಯಣದ ಚೀಲವೂ ಸೇರಿದ ಪದ ಕೈಯಲ್ಲಿರುವಾಗ ‘ಇಂದಿನ ವೇಗದ ಯುಗದಲ್ಲಿ’ ಎಂದು ಆರಂಭಿಸುವ ಅಗತ್ಯವೇನಿತ್ತು?

ಇನ್ನು ತಪ್ಪುಗಳು. ‘1971ರಲ್ಲಿ ರೇ ಟಾಮ್ಲಿನ್ಸನ್ ಇಮೇಲ್ ಎಂಬ ಪದವನ್ನು ಟಂಕಿಸಿದರು’ ಎಂದಿದ್ದೀರಿ. ಅಮೆರಿಕದ ಗಣಕ ತಂತ್ರಜ್ಞರಾದ ಅವರು ಮಾಡಿದ್ದು ಇಂಟರ್ನೆಟ್ಟಿನ ಪೂರ್ವರೂಪವಾದ ಅರ್ಪಾನೆಟ್ ಜಾಲದಲ್ಲಿ ಒಂದು ಗಣಕದಿಂದ ಇನ್ನೊಂದಕ್ಕೆ ಸಂದೇಶ ಕಳುಹಿಸಿದ್ದು, ಬಳಕೆದಾರನ ಹೆಸರನ್ನು ಗಣಕದ ಹೆಸರಿನಿಂದ ಬೇರ್ಪಡಿಸಲು ‘ಅಟ್’ (@) ಚಿಹ್ನೆಯನ್ನು ಆರಿಸಿದ್ದು. ಒಂದೇ ಗಣಕವನ್ನು ಹಂಚಿಕೊಂಡಿದ್ದವರು ಪರಸ್ಪರ ಸಂದೇಶ ಬಿಟ್ಟುಹೋಗಲು ‘ಮೇಲ್’ ಎಂಬ ಆದೇಶ ಅಮೆರಿಕದ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯಲ್ಲಿ 1965ರಲ್ಲೇ ಇತ್ತು. ‘ಇ-ಮೇಲ್’ ಎಂಬ ಮೊಟಕು ರೂಪ ಮುದ್ರಣದಲ್ಲಿ ಕಾಣಿಸಿಕೊಂಡದ್ದು 1970ರ ದಶಕದ ಕೊನೆಯ ಹೊತ್ತಿಗೆ. ವಸ್ತುವಿನ ಹುಟ್ಟನ್ನೂ ಹೆಸರಿನ ಹುಟ್ಟನ್ನೂ ನೀವು ಕಲಸಿಬಿಟ್ಟಿದ್ದೀರಿ.

‘ಅಂಚೆಯೆಂದರೆ ಹಂಸ, ದಮಯಂತಿಯ ಬಳಿಗೆ ಹಾರಿದ ಹಂಸವೇ ಮೊದಲ ಅಂಚೆ’ ಎಂಬ ಸಾಲು ಓದಲು ಚೆಂದ. ಹಂಸದ ತದ್ಭವ ಅಂಚೆ ಎಂಬುದೂ ನಿಜ. ಆದರೆ ಪತ್ರ ಸಾಗಿಸುವ ಅಂಚೆಯೂ ಅದೇ ಪದವೆನ್ನಲು ರೂಪಸಾಮ್ಯದ ಹೊರತು ಬೇರೆ ಆಧಾರವನ್ನು ನೀವು ಕೊಟ್ಟಿಲ್ಲ. ಆಧಾರ ಸಿಗದಿದ್ದರೆ ಆ ಸಾಲನ್ನು ತೆಗೆಯಿರಿ, ನೋವಾದರೂ ಸರಿಯೇ. ‘ಮಿಂಚು’ ಮತ್ತು ‘ಅಂಚೆ’ ಸೇರಿದಾಗ ಆಗುವುದು ಲೋಪಸಂಧಿ, ನೀವು ಬರೆದಂತೆ ಆದೇಶಸಂಧಿಯಲ್ಲ.

ನೀವು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. ‘ವಿದ್ಯುನ್ಮಾನ ಅಂಚೆ’ ಆರು ಅಕ್ಷರಗಳ ಭಾರಕ್ಕೆ ಕುಸಿಯಿತು ಎನ್ನೋಣ. ಮೂರೇ ಅಕ್ಷರದ, ನಾಲಿಗೆಗೆ ಹಗುರವಾದ ‘ಮಿಂಚಂಚೆ’ ಏಕೆ ಬರಹದಿಂದ ಮಾತಿಗೆ ಇಳಿಯಲಿಲ್ಲ? ನನ್ನ ಊಹೆಯಲ್ಲಿ ಕಾರಣ ಕ್ರಿಯಾಪದದಲ್ಲಿದೆ: ‘ಇಮೇಲ್ ಮಾಡು’ ಎಂದು ಸಲೀಸಾಗಿ ಹೇಳುತ್ತೇವೆ, ‘ಮಿಂಚಂಚೆ ಮಾಡು’ ಎನ್ನಲು ಬಾಯಿ ಬರುವುದಿಲ್ಲ. ಇದನ್ನು ಪರೀಕ್ಷಿಸಿ, ಒಪ್ಪದಿದ್ದರೆ ಖಂಡಿಸಿ, ಎಂಟುನೂರು ಪದಗಳೊಳಗೆ ಹೊಸದಾಗಿ ಬರೆದು ಕಳುಹಿಸಿ. ಮಿಂಚಂಚೆಯ ಪರವಾಗಿ ಅಷ್ಟೆಲ್ಲ ವಾದಿಸಿದ ನೀವೂ ಲೇಖನದ ಜೊತೆಗಿನ ಪತ್ರದಲ್ಲಿ ‘ಲೇಖನ ಇಮೇಲ್ ಮಾಡಿದ್ದೇನೆ’ ಎಂದೇ ಬರೆದಿದ್ದೀರಿ.

ಇತಿ,
ಸಂಪಾದಕ