ಹಳೆ ಥಾರ್‌ಗೆ ಹೊಸ ಶಾಕ್: ದುಡ್ಡು ಕೊಡುವ ಮೊದಲು ಒಮ್ಮೆ ಮುಟ್ಟಿ ನೋಡಿ

ನೀವು ಕೇಳಿದ್ದು ಇಷ್ಟು: 2013ರ ಮಹೀಂದ್ರ ಥಾರ್ ಸಿಆರ್‌ಡಿಇ (ಡೀಸೆಲ್ ಜೀಪು) ಇದೆ, ಗದಗಿನಿಂದ ಮುಂಡರಗಿ, ಕಪ್ಪತಗುಡ್ಡದ ಕಡೆ ಮತ್ತು ಹೊಲಕ್ಕೆ ಓಡಾಟ, ಹಿಂದೆ ಕೂತವರು ಸೀಟು ಬಿಟ್ಟು ಹಾರುತ್ತಾರೆ, ವಿದೇಶಿ ಶಾಕ್ (ಗಾಡಿಯ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್) ಹಾಕಿಸಿ ಗಾಡಿಯನ್ನು ಎರಡು ಇಂಚು ಎತ್ತಿಸಲಾ?

ಶಾಕ್ ಹಾಕಿಸಿ. ಎತ್ತಿಸಬೇಡಿ. ಆದರೆ ಎರಡಕ್ಕೂ ಮೊದಲು ತಪ್ಪು ಶಾಕ್‌ನದೋ ಸ್ಪ್ರಿಂಗ್‌ನದೋ ಗೊತ್ತು ಮಾಡಿಕೊಳ್ಳಿ. ನಾನು ಅದನ್ನು ಮಾಡದೆ ಕೆಟ್ಟೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನ್ನದೂ ಅದೇ ಗಾಡಿ, 2014ರದ್ದು. ಬೋರ್‌ವೆಲ್ ಮೋಟಾರ್ ರಿಪೇರಿ ನನ್ನ ಕೆಲಸ. ಹುಬ್ಬಳ್ಳಿಯಿಂದ ಅಣ್ಣಿಗೇರಿ, ನವಲಗುಂದ, ರೋಣದ ಹೊಲಗಳಿಗೆ ದಿನಾ ಓಡಾಟ. ಚೈನ್ ಪುಲ್ಲಿ, ಪಾನಾಗಳು, ಕೇಬಲ್ ಸುರುಳಿ ಎಲ್ಲಾ ಸೇರಿ ಹಿಂದೆ ಯಾವಾಗಲೂ ನೂರೈವತ್ತು ಕಿಲೋ ಇರುತ್ತದೆ. ನಮ್ಮ ಎರೆ ಹೊಲದ ದಾರಿ ನಿಮಗೆ ಗೊತ್ತೇ ಇದೆ. ಮಳೆಯಲ್ಲಿ ಟ್ರ್ಯಾಕ್ಟರ್ ಗಾಲಿ ಕೊರೆದ ಜಾಡು ಬೇಸಿಗೆಗೆ ಒಣಗಿ ಕಲ್ಲಾಗುತ್ತದೆ. ಅದರ ಮೇಲೆ ನನ್ನ ಗಾಡಿ ಕುಣಿಯುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಗಟ್ಟಿ ಶಾಕ್ ಹಾಕಿ, ಮುಂದೆ ಟಾರ್ಷನ್ ಬಾರ್ ಬೋಲ್ಟ್ ಬಿಗಿ ಮಾಡಿ ಒಂದೂವರೆ ಇಂಚು ಎತ್ತಿಕೊಟ್ಟರು. ನೋಡಲು ಚೆನ್ನಾಗಿತ್ತು. ವಾರದಲ್ಲೇ ಪ್ರತಿ ಗುಂಡಿಗೂ ಮುಂದೆ ‘ಠಕ್’ ಅನ್ನಲು ಶುರುವಾಯಿತು. ಕೆಲವೇ ತಿಂಗಳಲ್ಲಿ ಮುಂದಿನ ಗಾಲಿ ತಿರುಗಿಸುವ ಡ್ರೈವ್ ಶಾಫ್ಟಿನ ಕೀಲು ಮುಚ್ಚುವ ರಬ್ಬರ್ ಬೂಟ್ ಹರಿದು ಒಳಗೆಲ್ಲಾ ಕೆಸರು. ಹಿಂದೆ ಕೂತಿದ್ದ ಅವ್ವನಿಗೆ ಸೊಂಟ ನೋವು ಬಂತು. ಆ ಬೇಜಾರು ಇನ್ನೂ ಹೋಗಿಲ್ಲ.

ಯಾಕೆ ಹಾಗಾಯಿತು ಅಂದರೆ, ನಮ್ಮ ಗಾಡಿಯ ಮುಂಭಾಗದಲ್ಲಿ ಸುರುಳಿಯಂಥ ಕಾಯಿಲ್ ಸ್ಪ್ರಿಂಗ್ ಇಲ್ಲ, ಟಾರ್ಷನ್ ಬಾರ್ ಇದೆ. ಉದ್ದನೆಯ ಉಕ್ಕಿನ ಸರಳು, ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುತ್ತದೆ. ಗಾಲಿ ಮೇಲೆ ಕೆಳಗೆ ಆಡುವ ಜಾಗ ಒಟ್ಟು ಇಷ್ಟೇ ಅಂತ ಇರುತ್ತದೆ. ಬೋಲ್ಟ್ ಬಿಗಿ ಮಾಡಿದರೆ ಗಾಡಿ ಏಳುತ್ತದೆ, ಆದರೆ ಗಾಲಿ ಕೆಳಗಿಳಿಯುವ ಜಾಗ ಅಷ್ಟೇ ಕಮ್ಮಿಯಾಗುತ್ತದೆ. ಗುಂಡಿ ಬಂದಾಗ ಗಾಲಿ ಇಳಿದು ನೆಲ ಹಿಡಿಯೋದು ಬಿಟ್ಟು ತಡೆಗೆ ಬಡಿಯುತ್ತದೆ. ಡ್ರೈವ್ ಶಾಫ್ಟ್ ಜಾಸ್ತಿ ಓರೆಯಾಗಿ ತಿರುಗುತ್ತದೆ, ಬೂಟ್ ಹರಿಯುತ್ತದೆ.

ಆಮೇಲೆ ಬೇರೆ ಒಬ್ಬ ಹಿರಿಯ ಮಿಸ್ತ್ರಿ ಹತ್ತಿರ ಹೋದೆ. ಅವರು ಗಾಡಿ ಕೆಳಗೆ ಬಗ್ಗಿ ನೋಡಿ ಹೇಳಿದ್ದು ಇದು: “ಸ್ಪ್ರಿಂಗ್ ಗಾಡಿ ಹೊರತೈತ್ರಿ. ಶಾಕಪ್ ಅದರ ಕುಣಿತ ನಿಲ್ಲಸ್ತೈತಿ. ಯಾವುದು ಸತ್ತೈತಿ, ಮೊದಲ ಅದನ್ನ ನೋಡ್ರಿ.”

ನೋಡುವ ರೀತಿಯನ್ನೂ ಅವರೇ ಕಲಿಸಿದರು. ಜಾಡಿನ ದಾರಿಯಲ್ಲಿ ಐದಾರು ಕಿಲೋಮೀಟರ್ ಓಡಿಸಿ ನಿಲ್ಲಿಸಿ. ತಕ್ಷಣ ನಾಲ್ಕೂ ಶಾಕ್‌ಗಳ ಮೈಯನ್ನು ಹುಷಾರಾಗಿ ಬೆರಳ ತುದಿಯಿಂದ ಮುಟ್ಟಿ. ಶಾಕ್ ಒಳಗೆ ಎಣ್ಣೆ ಇದೆ, ತೂತುಗಳಿರುವ ಪಿಸ್ಟನ್ ಇದೆ. ಗಾಲಿ ಕುಣಿದಾಗ ಎಣ್ಣೆ ಆ ಸಣ್ಣ ತೂತುಗಳಲ್ಲಿ ನುಗ್ಗಬೇಕು. ಕುಣಿತವೆಲ್ಲಾ ಬಿಸಿಯಾಗಿ ಹೊರಬರುತ್ತದೆ. ಅಂದರೆ ಕೆಲಸ ಮಾಡಿದ ಶಾಕ್ ಬಿಸಿಯಾಗಿರುತ್ತದೆ, ಸತ್ತದ್ದು ತಣ್ಣಗಿರುತ್ತದೆ. ನನ್ನ ಗಾಡಿಯಲ್ಲಿ ಮೂರು ಬಿಸಿ ಇದ್ದವು. ಹಿಂದಿನ ಎಡಗಡೆಯದು ನೆರಳಲ್ಲಿಟ್ಟ ಕಬ್ಬಿಣದಂತೆ ತಣ್ಣಗಿತ್ತು. ಟಾರ್ಚ್ ಹಿಡಿದು ನೋಡಿದರೆ ರಾಡ್ ಹೊರಬರುವ ಸೀಲ್ ಹತ್ತಿರ ಎಣ್ಣೆ ಸೋರಿ, ಅದರ ಮೇಲೆ ಕರಿ ಮಣ್ಣು ದಪ್ಪಗೆ ಅಂಟಿತ್ತು. ಹೊಸದಾಗಿ ಹಾಕಿಸಿದ್ದ ಶಾಕ್ ಅದು.

ನಾಲ್ಕೂ ಬಿಸಿ ಇದ್ದು ಹಿಂಭಾಗ ಮಾತ್ರ ಕುಸಿದು ನಿಂತಿದ್ದರೆ ತಪ್ಪು ಹಿಂದಿನ ಲೀಫ್ ಸ್ಪ್ರಿಂಗ್‌ನದು, ಅಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳದು. ಅದಕ್ಕೆ ಎಷ್ಟೇ ಗಟ್ಟಿ ಶಾಕ್ ಹಾಕಿದರೂ ಸುಮ್ನೆ ದುಡ್ಡು ದಂಡ, ಯಾಕಂದರೆ ಶಾಕ್ ಭಾರ ಹೊರುವುದಿಲ್ಲ. ಪಟ್ಟಿಗಳ ಬಾಗು ಸರಿ ಮಾಡಿಸಬೇಕು, ಇಲ್ಲವೇ ಭಾರಕ್ಕೆ ತಕ್ಕ ಹೊಸ ಸೆಟ್ ಹಾಕಿಸಬೇಕು. ಇನ್ನೊಂದು ಮಾತು. ಶಾಕ್ ಅತಿ ಗಟ್ಟಿಯಾದರೆ ಸಾಲು ಸಾಲು ಉಬ್ಬುಗಳಲ್ಲಿ ಸ್ಪ್ರಿಂಗ್ ಮತ್ತೆ ಬಿಚ್ಚಿಕೊಳ್ಳಲು ಸಮಯ ಸಿಗುವುದಿಲ್ಲ. ಗಾಡಿ ಪ್ರತಿ ಉಬ್ಬಿಗೂ ಒಂದಿಷ್ಟು ಕುಸಿಯುತ್ತಾ ಹೋಗಿ ಕೊನೆಗೆ ಗಾಲಿ ತೀರಾ ಮೇಲೆ ಬರದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರಿಗೆ ಬಡಿಯುತ್ತದೆ. ಅವ್ವನ ಸೊಂಟಕ್ಕೆ ಏಟು ಬಿದ್ದದ್ದು ಹೀಗೇ.

ಈಗ ಯಾವ ಶಾಕ್ ಅನ್ನೋ ಪ್ರಶ್ನೆ. ಬರೀ ಎಣ್ಣೆ ಇರುವ ಸಾದಾ ಶಾಕ್ ನಿಮ್ಮ ದಾರಿಗೆ ಸಾಲದು. ಏಪ್ರಿಲ್ ಬಿಸಿಲಲ್ಲಿ ಒಂದೇ ಸಮ ಕುಲುಕಾಡಿದರೆ ಎಣ್ಣೆಗೆ ಗಾಳಿ ಬೆರೆತು ನೊರೆ ಬರುತ್ತದೆ. ನೊರೆ ತೂತಿನಲ್ಲಿ ಸಲೀಸಾಗಿ ಹೋಗುತ್ತದೆ, ಹಿಡಿತ ತಪ್ಪುತ್ತದೆ. ನೈಟ್ರೋಜನ್ ಗ್ಯಾಸ್ ತುಂಬಿದ ಶಾಕ್‌ನಲ್ಲಿ ಒತ್ತಡದಿಂದ ನೊರೆ ಕಮ್ಮಿ. ಅದರಲ್ಲೂ ಎರಡು ಬಗೆ. ಜರ್ಮನಿಯ ಬಿಲ್‌ಸ್ಟೀನ್ ಕಂಪನಿಯಂಥವರು ಹೆಸರು ಮಾಡಿದ ಮೋನೋಟ್ಯೂಬ್‌ನಲ್ಲಿ ಕೊಳವೆ ಒಂದೇ, ಬೇಗ ತಣಿಯುತ್ತದೆ. ಆದರೆ ಪಿಸ್ಟನ್ ಆ ಕೊಳವೆಯ ಗೋಡೆಗೇ ಒತ್ತಿಕೊಂಡು ಓಡುತ್ತದೆ, ಕಲ್ಲು ಬಡಿದು ಕೊಳವೆಗೆ ತಗ್ಗು ಬಿದ್ದರೆ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಟ್ವಿನ್ ಟ್ಯೂಬ್‌ನಲ್ಲಿ ಕೊಳವೆ ಎರಡು, ಹೊರಗಿನದಕ್ಕೆ ಸ್ವಲ್ಪ ತಗ್ಗು ಬಿದ್ದರೂ ಒಳಗಿನದು ನಡೆಯುತ್ತದೆ. ಕಪ್ಪತಗುಡ್ಡದ ಸುತ್ತಿನ ಕಲ್ಲು ದಾರಿಗೆ, ನಿಧಾನ ಓಡಿಸುವವರಿಗೆ, ಗ್ಯಾಸ್ ತುಂಬಿದ ಟ್ವಿನ್ ಟ್ಯೂಬ್ ಸಾಕು ಅನ್ನೋದು ನನ್ನ ಅಭಿಪ್ರಾಯ. ನಾನೂ ಅದನ್ನೇ ಹಾಕಿಸಿದ್ದೇನೆ, ಗಾಡಿಯ ಮೂಲ ಎತ್ತರದ ಅಳತೆಯದ್ದು.

ಕೊಳ್ಳುವಾಗ ಮಾದರಿ ಸರಿಯಾಗಿ ಹೇಳಿ. ಈಗ ಜಾಹೀರಾತಿನಲ್ಲಿ ಕಾಣುವ ಎಷ್ಟೋ ಕಿಟ್‌ಗಳು 2020ರಲ್ಲಿ ಬಂದ ಹೊಸ ಥಾರ್‌ನವು. ಅದಕ್ಕೆ ನಾಲ್ಕೂ ಕಡೆ ಕಾಯಿಲ್ ಸ್ಪ್ರಿಂಗ್. ನಮ್ಮ ಗಾಡಿಗೆ ಕೂರುವುದಿಲ್ಲ.

ಹಾಕಿಸುವಾಗ ಮುಂದಿನ ಎರಡು ಅಥವಾ ಹಿಂದಿನ ಎರಡು, ಜೊತೆಯಾಗಿಯೇ ಹಾಕಿಸಿ. ಶಾಕ್‌ನ ತುದಿಗಳಲ್ಲಿರುವ ರಬ್ಬರ್ ಬುಶ್‌ಗಳು ಸವೆದಿದ್ದರೆ ಅವನ್ನೂ ಬದಲಿಸಿ, ಇಲ್ಲದಿದ್ದರೆ ಹೊಸ ಶಾಕ್ ಮೇಲೂ ಶಬ್ದ ಹೋಗುವುದಿಲ್ಲ. ರಬ್ಬರ್ ಬುಶ್‌ಗಳ ಬೋಲ್ಟ್‌ಗಳನ್ನು ಗಾಡಿ ಗಾಲಿ ಮೇಲೆ ನಿಂತಾಗಲೇ ಪೂರ್ತಿ ಬಿಗಿ ಮಾಡಲು ಹೇಳಿ. ಜಾಕ್ ಮೇಲೆ ಗಾಲಿ ನೇತಾಡುವಾಗ ಬಿಗಿ ಮಾಡಿದರೆ, ಇಳಿಸಿದ ಮೇಲೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಪಕ್ಕದಲ್ಲಿ ನಿಂತು ಹೇಳಿ ಮಾಡಿಸಿಕೊಳ್ಳಿ.

ಎತ್ತರದ ಆಸೆಗೆ ಇನ್ನೊಂದು ತೊಡಕೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರಲ್ಲಿ ಇದನ್ನೇ ಹೇಳಿದೆ. ಹಳೆ ಶಾಕ್ ತೆಗೆದು ಅದೇ ಅಳತೆಯದು ಹಾಕುವುದು ಬೇರೆ, ಗಾಡಿಯನ್ನೇ ಎತ್ತುವುದು ಬೇರೆ.

ಹೊಸದು ಹಾಕಿದ ಮೇಲೆ ಇದೊಂದು ಮಾಡಿ. ರಾಡ್ ಮೇಲೆ ತಗಡಿನ ಮುಚ್ಚಳವಿಲ್ಲದ ಶಾಕ್ ಆಗಿದ್ದರೆ, ರಾಡಿಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಸುತ್ತಿ ಸೀಲ್ ತನಕ ತಳ್ಳಿ. ಎಂದಿನ ಭಾರ ಹಾಕಿಕೊಂಡು ಎಂದಿನ ದಾರಿಯಲ್ಲಿ ಹೋಗಿ ಬನ್ನಿ. ಟೈ ಎಲ್ಲಿಗೆ ಸರಿದಿದೆಯೋ ಶಾಕ್ ಅಲ್ಲಿಯವರೆಗೆ ಒಳಗೆ ಹೋಗಿದೆ ಅಂತ ಅರ್ಥ. ಅದರಾಚೆ ಅರ್ಧ ಇಂಚಾದರೂ ರಾಡ್ ಉಳಿದಿರಬೇಕು. ಉಳಿದಿಲ್ಲವಾದರೆ ಬಂಪ್ ಸ್ಟಾಪ್‌ಗಿಂತ ಮೊದಲೇ ಶಾಕ್ ತಳ ಮುಟ್ಟುತ್ತಿದೆ. ಆಗ ಓಡಿಸುವುದು ನಿಲ್ಲಿಸಿ, ಆ ಶಾಕ್ ವಾಪಸ್ ಕೊಡಿ.